ಡೇರಿಗೆ ಹಾಕಿದ ಹಾಲು, ಶಾಲೆಯ ಲೋಟ



ಕಳೆದ ತಿಂಗಳು ಮೋಟೆಬೆನ್ನೂರು ಕಡೆಯ ಒಂದು ಸಂಘಕ್ಕೆ ಬೆಳಿಗ್ಗೆ ಆರೂವರೆಗೇ ಹೋಗಿದ್ದೆ. ಕೆಚ್ಚಲು ಬಾವಿನ ಪರೀಕ್ಷೆಗೆ ಹಾಲಿನ ಮಾದರಿ ಬೇಕಿತ್ತು. ಸಾಲಿನಲ್ಲಿ ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ಸ್ಟೀಲ್ ಕ್ಯಾನು ಹಿಡಿದು ನಿಂತಿದ್ದಳು. ಹಾಲು ಅಳೆದರು, ಫ್ಯಾಟ್ ಬಂತು, ಚೀಟಿ ಬಂತು. ಅವಳು ಚೀಟಿಯನ್ನು ಎರಡು ಸಲ ಓದಿ ಮಡಚಿ ಇಟ್ಟುಕೊಂಡಳು. "ನೀ ಹಾಲು ಕುಡದ ಬಂದೀ ಏನವಾ?" ಎಂದು ಕೇಳಿದೆ. "ಮನ್ಯಾಗ ಚಾಕ್ಕಷ್ಟ ಇಡ್ತಾರ್ರೀ. ಹಾಲು ಸಾಲ್ಯಾಗ ಕೊಡ್ತಾರಲ್ರೀ" ಎಂದು ಖಾಲಿ ಕ್ಯಾನು ಬೀಸುತ್ತ ಓಡಿಹೋದಳು.

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವಳು ಬೆಳಿಗ್ಗೆ ತಂದು ಸುರಿದ ಹಾಲಿಗೂ ಶಾಲೆಯಲ್ಲಿ ಅವಳ ಲೋಟಕ್ಕೆ ಬೀಳುವ ಹಾಲಿಗೂ ಇರುವ ನಂಟು ಅವಳಿಗೆ ಗೊತ್ತಿರಲಿಕ್ಕಿಲ್ಲ. ನಿಮ್ಮಲ್ಲಿಯೂ ಅನೇಕರು ಅದನ್ನು ಯೋಚಿಸಿರಲಿಕ್ಕಿಲ್ಲ. ಅದಕ್ಕೇ ಈ ಸಲದ ಪಾಠ ಆಕಳು, ಎಮ್ಮೆಯದ್ದಲ್ಲ. ಸರಕಾರಿ ಶಾಲೆಗೆ ಹೋಗುವ ನಿಮ್ಮ ಮಕ್ಕಳ ಆರೋಗ್ಯದ್ದು. ದನದ ಡಾಕ್ಟರಿಗೆ ಈ ಉಸಾಬರಿ ಯಾಕೆ ಎಂದು ಕೇಳಬಹುದು. ನಾನು ನೋಡುವ ಮನೆಗಳಲ್ಲಿ ಮಕ್ಕಳ ಕಾಯಿಲೆಗಳಲ್ಲಿ ಹಲವು ದನದ ಮನೆಯ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಅವನ್ನು ಹಿಡಿಯುವ ವ್ಯವಸ್ಥೆಯೋ, ಶಾಲೆಯಲ್ಲಿದೆ.

ಲೋಟದೊಳಗಿನ ಲೆಕ್ಕ

ಕ್ಷೀರಭಾಗ್ಯ ಯೋಜನೆ ಶುರುವಾದದ್ದು 2013ರ ಆಗಸ್ಟ್ 1ರಂದು. ಮೊದಲು ವಾರಕ್ಕೆ ಮೂರು ದಿನ ಕೊಡುತ್ತಿದ್ದರು, ಆಮೇಲೆ ಐದು ದಿನವಾಯಿತು. ಸರಕಾರಿ ಮತ್ತು ಅನುದಾನಿತ ಶಾಲೆಯ ಪ್ರತಿ ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು. 2024ರ ಫೆಬ್ರವರಿಯಲ್ಲಿ ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಬೆರೆಸುವುದೂ ಶುರುವಾಯಿತು. ಆ ಪುಡಿ ಎಲ್ಲಿಂದ ಬರುತ್ತದೆ? ಪ್ಯಾಕೆಟ್ ಮಾರಾಟವಾಗಿ ಉಳಿದ ಹಾಲನ್ನು ಕೆಎಂಎಫ್ ಒಣಗಿಸುತ್ತದೆ. ಅಂದರೆ ನೀವು, ನಿಮ್ಮಂಥ ಲಕ್ಷಾಂತರ ಜನ ಹಾಕಿದ ಹಾಲೇ.

"ಪುಡಿ ಹಾಲು ಹಾಲೇ ಅಲ್ಲ" ಎಂದು ಕಟ್ಟೆಯ ಮೇಲೆ ಮಾತಾಡುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಆಕಳ ಹಾಲಿನಲ್ಲಿ ನೀರು ಬಿಟ್ಟು ಉಳಿಯುವ ಘನಾಂಶ ಸುಮಾರು ಶೇ. 12. 150 ಮಿ.ಲೀ. ಹಾಲಿನಲ್ಲಿ ಅದು 18 ಗ್ರಾಂ ಆಯಿತು. ಘಟಕದಲ್ಲಿ ಹಾಲನ್ನು ಮೊದಲು ಗಟ್ಟಿ ಮಾಡಿ, ನಂತರ ಬಿಸಿಗಾಳಿಯ ಗೋಪುರದಲ್ಲಿ ತುಂತುರಾಗಿ ಸಿಂಪಡಿಸುತ್ತಾರೆ. ಕ್ಷಣದಲ್ಲಿ ನೀರು ಹಾರಿ ಪುಡಿ ಕೆಳಗೆ ಬೀಳುತ್ತದೆ. ನೀರು ಆವಿಯಾಗುತ್ತಿರುವಷ್ಟು ಹೊತ್ತು ಹನಿ ತಂಪಾಗಿಯೇ ಇರುವುದರಿಂದ ಪ್ರೋಟೀನು, ಸುಣ್ಣದಂಶ ಹೆಚ್ಚು ಕೆಡುವುದಿಲ್ಲ. ಹೀಗೆ ಒಂದು ಲೋಟದಲ್ಲಿ ನಾಲ್ಕೂವರೆ ಗ್ರಾಮಿನಷ್ಟು ಪ್ರೋಟೀನು, ಸುಮಾರು 160 ಮಿ.ಗ್ರಾಂ ಕ್ಯಾಲ್ಸಿಯಂ ಮಗುವಿಗೆ ಸಿಗುತ್ತದೆ. ಹಳೆಯ ಸಾಕ್ಷಿಯೂ ಉಂಟು. 1930ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕಾಂಶ ಸಂಶೋಧನಾಲಯದ ಐಕ್ರಾಯ್ಡ್ ಮತ್ತು ಕೃಷ್ಣನ್ ಎಂಬ ವಿಜ್ಞಾನಿಗಳು ಅನ್ನವೇ ಮುಖ್ಯವಾಗಿದ್ದ ದಕ್ಷಿಣ ಭಾರತದ ಮಕ್ಕಳ ಊಟಕ್ಕೆ ಕೆನೆ ತೆಗೆದ ಹಾಲಿನ ಪುಡಿ ಸೇರಿಸಿ ನೋಡಿದರು. ಪುಡಿ ಹಾಲು ಕುಡಿದ ಮಕ್ಕಳು ಎತ್ತರದಲ್ಲೂ ತೂಕದಲ್ಲೂ ಮುಂದೆ ಹೋದರು. 1937ರಲ್ಲಿ ಅದು ಪ್ರಕಟವಾಯಿತು.

ಈಗ ನಿಮ್ಮೂರಿನ ಲೆಕ್ಕಕ್ಕೆ ಬನ್ನಿ. 200 ಮಕ್ಕಳ ಶಾಲೆಗೆ ದಿನಕ್ಕೆ 3.6 ಕೆ.ಜಿ. ಪುಡಿ, ಅಂದರೆ 30 ಲೀಟರ್ ಹಾಲು. ಐದಾರು ಮನೆಯವರು ಒಂದು ಹೊತ್ತಿಗೆ ಹಾಕುವಷ್ಟು. ಆ ಐದಾರು ಕ್ಯಾನುಗಳಲ್ಲಿ ಒಂದರಲ್ಲಿ ಬೇಡದ್ದೇನಾದರೂ ಬೆರೆತಿದ್ದರೆ? ಬಿಎಂಸಿಯಲ್ಲಿ ಬೆರೆತು, ಟ್ಯಾಂಕರಿನಲ್ಲಿ ಬೆರೆತು, ಪುಡಿಯಾದ ಮೇಲೆ ಅದನ್ನು ಬೇರ್ಪಡಿಸುವವರು ಯಾರೂ ಇಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಕುದಿಸಿದರೂ ಹೋಗದ ಎರಡು ವಸ್ತುಗಳನ್ನು ನಾನು ಹಳ್ಳಿಹಳ್ಳಿಯಲ್ಲಿ ಹೇಳುತ್ತಲೇ ಬಂದಿದ್ದೇನೆ, ಇಲ್ಲಿ ಬರೆದೂ ಬಿಡುತ್ತೇನೆ.

ಮೊದಲನೆಯದು ಆ್ಯಂಟಿಬಯಾಟಿಕ್. ಕೆಚ್ಚಲು ಬಾವಿಗೆ ಮೊಲೆಯೊಳಗೆ ಟ್ಯೂಬ್ ಬಿಟ್ಟರೂ, ಜ್ವರಕ್ಕೆ ಸೂಜಿ ಹಾಕಿದರೂ ಔಷಧದ ಅಂಶ ಹಾಲಿನಲ್ಲಿ ಹಲವು ಹೊತ್ತು ಇಳಿಯುತ್ತದೆ. ಎಷ್ಟು ದಿನ ಹಾಲು ಹಾಕಬಾರದೆಂದು ಔಷಧದ ಡಬ್ಬಿಯ ಮೇಲೆ ಬರೆದಿರುತ್ತದೆ. ಬರೆದಿಲ್ಲವಾದರೆ ಹಾಲಿಗೆ ಕನಿಷ್ಠ ಏಳು ದಿನ ಎಂದು 2012ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಬಾವಾದದ್ದು ಒಂದು ಮೊಲೆ, ಉಳಿದ ಮೂರರ ಹಾಲು ಹಾಕಬಹುದಲ್ಲ ಎಂದು ಕೇಳುವವರಿಗೆ ಉತ್ತರ: ಹಾಕಬಾರದು. ಔಷಧ ರಕ್ತಕ್ಕೆ ಸೇರಿ ನಾಲ್ಕೂ ಮೊಲೆಗೆ ಹೋಗುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ, ಇದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳು ನನಗಿಂತ ಮೊದಲೇ ಕಂಡುಕೊಂಡಿರುತ್ತಾರೆ. ಹೆಪ್ಪಿನ ಜೀವಾಣುವನ್ನು ಕೊಲ್ಲುವಷ್ಟು ಔಷಧ ಇದ್ದ ಹಾಲನ್ನು ದಿನವೂ ಕುಡಿದ ಮಗುವಿನ ಗತಿ ಏನು? ಪೆನ್ಸಿಲಿನ್ ಆಗಿಬರದ ಮಗುವಿಗೆ ಮೈಯೆಲ್ಲ ಗಂಧೆ ಏಳಬಹುದು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮೈಯೊಳಗಿನ ಕ್ರಿಮಿಗಳು ಔಷಧಕ್ಕೆ ಪಳಗಿಬಿಡುತ್ತವೆ. ನಾಳೆ ಅದೇ ಮಗುವಿಗೆ ನಿಜವಾಗಿ ಬೇಕಾದಾಗ ಔಷಧ ಹತ್ತುವುದಿಲ್ಲ.

ಎರಡನೆಯದು ಬೂಷ್ಟು. ನಮ್ಮದು ಗೋವಿನಜೋಳದ ಜಿಲ್ಲೆ. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಯಾವ ರಸ್ತೆ ಹಿಡಿದರೂ ಕಟಾವಿನ ಕಾಲಕ್ಕೆ ರಸ್ತೆಯ ಅರ್ಧ ಹಳದಿಯಾಗಿರುತ್ತದೆ. ಕಟಾವಿಗೆ ಮಳೆ ಹಿಡಿದರೆ ತೆನೆಯ ತುದಿಗೆ ಹಸಿರು ಬೂಷ್ಟು ಬರುತ್ತದೆ. ವ್ಯಾಪಾರಿ ಬೇಡವೆಂದ ಕಾಳು ಎಲ್ಲಿಗೆ ಹೋಗುತ್ತದೆ? ನೇರ ಗ್ವಾದಲಿಗೆ. "ದನಕ್ಕೇನಾಗತೈತ್ರೀ, ತಿಂತಾವು" ಎನ್ನುತ್ತೀರಿ. ಆ ಹಸಿರು ಬೂಷ್ಟು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ಆಕಳು ತಿಂದ ಒಂದು ದಿನದೊಳಗೆ ಅದರ ಒಂದು ಪಾಲು ಹಾಲಿಗೆ ಬರುತ್ತದೆ. ಪಾಶ್ಚರೀಕರಣಕ್ಕೆ, ಕುದಿಸುವುದಕ್ಕೆ, ಪುಡಿ ಮಾಡುವುದಕ್ಕೆ ಯಾವುದಕ್ಕೂ ಅದು ಜಗ್ಗುವುದಿಲ್ಲ. ಕೂಡುತ್ತ ಹೋದರೆ ಯಕೃತ್ತಿಗೆ ಹಾನಿ, ಮಕ್ಕಳ ಬೆಳವಣಿಗೆಗೂ ಒಳ್ಳೆಯದಲ್ಲ. ಒಂದು ಕಿಲೋ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂ ದಾಟಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ, ಒಂದು ಪಾಲಿನಲ್ಲಿ ಅರ್ಧ. ಅಷ್ಟು ಕಡಿಮೆ ಮಿತಿ ಇಟ್ಟಿದ್ದಾರೆಂದರೆ ವಿಷ ಎಂಥದೆಂದು ತಿಳಿಯಿರಿ. ಸಮಾಧಾನದ ಸಂಗತಿಯೆಂದರೆ, ಬೂಷ್ಟು ಹಿಡಿದ ಮೇವು ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹಾಲು ತಿಳಿಯಾಗುತ್ತದೆ. ಕಾಳನ್ನು ಹಲ್ಲಿಗೆ ಕಟ್ಟೆಂದು ಮುರಿಯುವಂತೆ ಒಣಗಿಸಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಚೀಲ ಇಡಿ. ಶೇಂಗಾ ಹಿಂಡಿಗೂ ಇದೇ ಮಾತು.

ನಿಮ್ಮಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಇರುವವರಿಗೆ ಒಂದು ಮಾತು ಹೆಚ್ಚಿಗೆ. ಹಾಲಿನ ಪಾತ್ರೆ ಸ್ವಚ್ಛವಿದೆಯೇ ಇಲ್ಲವೇ ಎಂದು ಮೂಗಿನಿಂದಲೇ ಹೇಳಬಲ್ಲವರು ಊರಿನಲ್ಲಿ ನೀವೇ. ತಿಂಗಳಿಗೊಮ್ಮೆ ಶಾಲೆಯ ಅಡುಗೆಮನೆಗೆ ಹೋಗಿ. ಪುಡಿಯ ಚೀಲದ ಮೇಲಿನ ದಿನಾಂಕ ನೋಡಿ, ಚೀಲ ನೆಲಕ್ಕೆ ತಾಗಿದೆಯೇ ನೋಡಿ. ಪುಡಿ ಗಂಟುಗಟ್ಟಿದ್ದರೆ, ಹಳೆಯ ಕೊಬ್ಬರಿಯಂತೆ ಕಮಟು ವಾಸನೆ ಬಂದರೆ ಬಳಸಬಾರದು. ಪುಡಿಯನ್ನು ಕುದಿಯುವ ನೀರಿಗೆ ಒಮ್ಮೆಲೇ ಸುರಿದರೆ ಗಂಟಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ಕಲಸಿಕೊಂಡು ಆಮೇಲೆ ಕಾಯಿಸಬೇಕು. ಮಾಡಿದ ಹಾಲನ್ನು ತಾಸುಗಟ್ಟಲೆ ಇಡಬಾರದು. ಮಕ್ಕಳಿಗೆ ಕೊಡುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ರುಚಿ ನೋಡುತ್ತಿದ್ದಾರೆಯೇ ಎಂದು ಕೇಳುವ ಹಕ್ಕು ಪಾಲಕರಿಗಿದೆ. ಇದು ಜಗಳದ ಮಾತಲ್ಲ, ಸಂಘದಲ್ಲಿ ಫ್ಯಾಟ್ ಮಷಿನ್ ಸರಿಯಿದೆಯೇ ಎಂದು ನೀವು ಕೇಳುವುದಿಲ್ಲವೇ, ಹಾಗೆ.

ನೊರೆಹಾಲಿನ ಆಸೆ

ಶಾಲೆಯಲ್ಲಿ ಕಾಯಿಸಿದ ಹಾಲು ಕುಡಿದ ಮಗು ಮನೆಗೆ ಬಂದು ಸಂಜೆ ನೊರೆಹಾಲು ಕುಡಿದರೆ? ಹಿಂಡಿದ ಕೂಡಲೇ ಬಿಸಿಬಿಸಿ ನೊರೆಹಾಲು ಕುಡಿದರೆ ಮೈಗೆ ಹತ್ತುತ್ತದೆ ಎಂಬ ನಂಬಿಕೆ ಹಿರಿಯರಲ್ಲಿ ಇನ್ನೂ ಗಟ್ಟಿಯಾಗಿದೆ. ನನ್ನ ಅಜ್ಜನೂ ನನಗೆ ಕುಡಿಸಿದ್ದಾನೆ. ಆದರೆ ಕಾಲೇಜಿನಲ್ಲಿ ಕಂದು ರೋಗದ ಪಾಠ ಓದಿದ ಮೇಲೆ ಮನೆಗೆ ಬಂದು ಮೊದಲು ಮಾಡಿದ ಜಗಳ ಅದೇ.

ಗಬ್ಬದ ಐದು ತಿಂಗಳು ದಾಟಿದ ಆಕಳು ಕಂದು ಹಾಕಿದರೆ ನಾವು ಮೊದಲು ಅನುಮಾನಿಸುವುದು ಬ್ರುಸೆಲ್ಲಾ ಎಂಬ ಕ್ರಿಮಿಯನ್ನು. ಸತ್ತ ಕರು, ಕಸ, ಅದರ ನೀರು, ಆಮೇಲೆ ಹಾಲು, ಎಲ್ಲದರಲ್ಲೂ ಅದು ಇರುತ್ತದೆ. ಮನುಷ್ಯರಿಗೆ ಹತ್ತಿದರೆ ಬಂದುಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಮೊಣಕಾಲಿನ ನೋವು. ವಾರಗಟ್ಟಲೆ ಎಳೆಯುತ್ತದೆ. ವಿಜಯಪುರದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 93 ಮಕ್ಕಳಲ್ಲಿ ಈ ರೋಗ ಕಂಡದ್ದನ್ನು ವಿವರಿಸಿದ್ದಾರೆ. ದೂರದ ದೇಶದ ಮಾತಲ್ಲ, ನಮ್ಮ ಉತ್ತರ ಕರ್ನಾಟಕದ್ದೇ. ಇದನ್ನು ಬರೆಯಲು ಕಾರಣ, ಈ ಜ್ವರವನ್ನು ಟೈಫಾಯಿಡ್ ಎಂದೋ ಬೆಳೆಯುವ ಮಕ್ಕಳ ಕಾಲುನೋವೆಂದೋ ತಳ್ಳಿಹಾಕುವುದು ಸುಲಭ. ವೈದ್ಯರು ತಾವಾಗಿ ದನದ ಸುದ್ದಿ ಕೇಳುವುದು ಅಪರೂಪ. ನೀವೇ ಹೇಳಬೇಕು: "ನಮ್ಮ ಮನ್ಯಾಗ ಆಕಳು ಕಂದು ಹಾಕಿತ್ತು." ಈ ಒಂದು ಮಾತಿನಿಂದ ರಕ್ತ ಪರೀಕ್ಷೆಯ ದಾರಿಯೇ ಬದಲಾಗುತ್ತದೆ. ಚಿಕಿತ್ಸೆ ಇದೆ. ಆದರೆ ವಾರಗಟ್ಟಲೆ ಬಿಡದೆ ಗುಳಿಗೆ ನುಂಗಬೇಕು, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಮರಳಿ ಬರುತ್ತದೆ.

ತಡೆಯುವುದು ನಮ್ಮ ಕೈಯಲ್ಲಿದೆ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣು ಕರುವಿಗೆ ಜೀವಮಾನದಲ್ಲಿ ಒಂದೇ ಸಲ ಲಸಿಕೆ. 2019ರಲ್ಲಿ ಕಾಲುಬಾಯಿ ರೋಗದ ಜೊತೆಗೆ ಇದಕ್ಕೂ ರಾಷ್ಟ್ರೀಯ ಕಾರ್ಯಕ್ರಮ ಬಂದಿದೆ, ಖರ್ಚಿಲ್ಲ. ಇದು ಜೀವಂತ ಲಸಿಕೆ. ಹಾಕುವಾಗ ಕರು ಹಿಡಿಯಲು ಮಕ್ಕಳನ್ನು ಕರೆಯಬೇಡಿ, ನಾವೇ ಕೈಗವಸು ಹಾಕಿಕೊಂಡು ಹಿಡಿಯುತ್ತೇವೆ. ಕಂದು ಹಾಕಿದ್ದನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿ. ಹಾಲು ಉಕ್ಕುವವರೆಗೆ ಕಾಯಿಸಿ. ಅಜ್ಜಂದಿರ ಜೊತೆಗಿನ ಜಗಳ ನಿಮಗೆ ಬಿಟ್ಟದ್ದು.

ಕರುವಿಗೂ ಮಗುವಿಗೂ ಒಂದೇ ಔಷಧ

ಜಂತುಹುಳುವಿನ ದಿನ ಬಂತೆಂದರೆ ನನಗೆ ಫೋನು ಬರುತ್ತದೆ. ಶಾಲೆಯಲ್ಲಿ ಗುಳಿಗೆ ಕೊಡುತ್ತಾರಂತೆ, ಯಾವುದೋ ಊರಿನಲ್ಲಿ ಮಗು ವಾಂತಿ ಮಾಡಿತಂತೆ, ಕೊಡಿಸಲೋ ಬೇಡವೋ? ಕೇಳಿದವರು ಹಿಂದಿನ ವಾರವಷ್ಟೇ ಕರುವಿಗೆ ಬಾಟಲಿ ಎತ್ತಿ ಆಲ್ಬೆಂಡಜೋಲ್ ಕುಡಿಸಿರುತ್ತಾರೆ. ಶಾಲೆಯ ಗುಳಿಗೆಯೂ ಆಲ್ಬೆಂಡಜೋಲೇ. ದೇಶದಾದ್ಯಂತ ಫೆಬ್ರವರಿ 10 ಮತ್ತು ಆಗಸ್ಟ್ 10ನ್ನು ಇದಕ್ಕೆಂದು ಇಟ್ಟಿದ್ದಾರೆ, ಊರಿನಲ್ಲಿ ದಿನ ಹಿಂದುಮುಂದಾಗಬಹುದು. ಒಂದರಿಂದ 19 ವರ್ಷದವರಿಗೆ. ಎರಡು ವರ್ಷ ದಾಟಿದವರಿಗೆ 400 ಮಿ.ಗ್ರಾಂನ ಒಂದು ಗುಳಿಗೆ, ಚೆನ್ನಾಗಿ ಜಗಿದು ನುಂಗಬೇಕು. ಒಂದಿಷ್ಟು ಹೊಟ್ಟೆ ತೊಳಸುವುದು, ವಾಂತಿ ಬರುವುದು ಸಾಮಾನ್ಯವಾಗಿ ಹೊಟ್ಟೆಯಲ್ಲಿ ಹುಳು ಹೆಚ್ಚಿರುವ ಮಕ್ಕಳಿಗೆ. ಸ್ವಲ್ಪ ಹೊತ್ತು ಮಲಗಿಸಿ ನೀರು ಕುಡಿಸಿದರೆ ಹೋಗುತ್ತದೆ. ಜ್ವರವಿದ್ದರೆ, ಬೇರೆ ಕಾಯಿಲೆಗೆ ಔಷಧ ನಡೆದಿದ್ದರೆ ಮೊದಲೇ ಶಿಕ್ಷಕರಿಗೆ ಹೇಳಿ. ಅಂದು ತಪ್ಪಿದವರಿಗೆ ವಾರದಲ್ಲಿ ಇನ್ನೊಂದು ದಿನ ಇರುತ್ತದೆ. ಒಂದೇ ಔಷಧವೆಂದೆ ನಿಜ, ಹಾಗೆಂದು ಕರುವಿನ ಬಾಟಲಿಯಿಂದ ಮಗುವಿಗೆ ಹಾಕಬೇಡಿ. ಪ್ರಮಾಣ, ತಯಾರಿಕೆ ಎರಡೂ ಬೇರೆ. ಹಾಗೆ ಮಾಡಿದವರೊಬ್ಬರನ್ನು ಕಂಡಿದ್ದೇನೆ, ಅದೃಷ್ಟಕ್ಕೆ ಏನೂ ಆಗಲಿಲ್ಲ.

ಹುಳು ಬಿದ್ದ ಕರುವಿನ ಕಣ್ಣಿನ ರೆಪ್ಪೆ ಮಡಚಿ ನೋಡಿದರೆ ಬಿಳಿಚಿಕೊಂಡಿರುತ್ತದೆ. ಅದನ್ನು ನೋಡಲು ನಾನು ನಿಮ್ಮಲ್ಲಿ ಎಷ್ಟೋ ಮಂದಿಗೆ ಕಲಿಸಿದ್ದೇನೆ. ಇವತ್ತು ಸಂಜೆ ನಿಮ್ಮ ಮಗುವಿನ ಕೆಳರೆಪ್ಪೆಯನ್ನೂ ಹಾಗೆಯೇ ಎಳೆದು ನೋಡಿ. ಕೊಕ್ಕೆಹುಳು ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ, ಬರಿಗಾಲಿನ ಪಾದದಿಂದಲೇ ಒಳಗೆ ಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತ ಕಡಿಮೆ. ಮೂವರಲ್ಲಿ ಇಬ್ಬರು ಎನ್ನಿ. ಆ ಮಕ್ಕಳೇ ಇಂದು ಶಾಲೆಯಲ್ಲಿ ಕೂತಿದ್ದಾರೆ.

ಇಲ್ಲಿ ಹಾಲಿನ ಒಕ್ಕೂಟದ ಪತ್ರಿಕೆಯಲ್ಲಿ ಬರೆಯಬಾರದ ಮಾತೊಂದನ್ನು ಬರೆಯುತ್ತೇನೆ, ಸಂಪಾದಕರು ಬಿಟ್ಟುಕೊಡಲಿ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟು ಹಾಲು ಕುಡಿಸಿದರೂ ಅದರಿಂದ ರಕ್ತ ಏರುವುದಿಲ್ಲ. ಅಷ್ಟೇ ಅಲ್ಲ, ಹಾಲಿನ ಕ್ಯಾಲ್ಸಿಯಂ ಕಬ್ಬಿಣ ಮೈಗೆ ಹತ್ತುವುದಕ್ಕೆ ಅಡ್ಡ ಬರುತ್ತದೆ. ಚಹಾ ಅದಕ್ಕಿಂತ ಹೆಚ್ಚು ಅಡ್ಡ ಬರುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಗುಳಿಗೆ ಕೊಡುತ್ತಾರೆ. 5ರಿಂದ 9 ವರ್ಷದವರಿಗೆ ಗುಲಾಬಿ ಬಣ್ಣದ್ದು, 10ರಿಂದ 19ರವರಿಗೆ ನೀಲಿ. ಬೆಳಿಗ್ಗೆ ಹಾಲು, ಮಧ್ಯಾಹ್ನದ ಬಿಸಿಯೂಟ ಮುಗಿಸಿ ಗುಳಿಗೆ, ಹೀಗೆ ನಡುವೆ ಅಂತರವಿರಬೇಕು. ಬರಿ ಹೊಟ್ಟೆಗೆ ನುಂಗಿದ ಮಗುವಿಗೇ ಹೊಟ್ಟೆನೋವು ಬರುವುದು. ಮರುದಿನ ಮಲ ಕಪ್ಪಾದರೆ ಹೆದರಬೇಡಿ. ಆ ದಿನ ಶಾಲೆ ಬಿಟ್ಟು ಬಂದ ಮಗುವಿಗೆ ಬಸಿ ತುಂಬ ಚಹಾ ಕೊಡುವ ಬದಲು ಒಂದು ಪೇರಲ ಹಣ್ಣೋ ನಿಂಬೆಹುಳಿ ಹಿಂಡಿದ ಮಡಕಿಕಾಳೋ ಕೊಡಿ.

ಹಾಗಾದರೆ ಮನೆಯಲ್ಲಿ ಹಾಲು ಬೇಡವೇ? ಬೇಕು. ಮೂಳೆಗೆ, ಹಲ್ಲಿಗೆ, ಎತ್ತರಕ್ಕೆ ಬೇಕು. ಶಾಲೆ ಇಲ್ಲದ ದಿನಗಳನ್ನು ಎಣಿಸಿ ನೋಡಿ: ಭಾನುವಾರ, ಹಬ್ಬ, ದಸರಾ ರಜೆ, ಏಪ್ರಿಲ್ ಮೇ ರಜೆ. ಕ್ಯಾನು ತುಂಬುವ ಮೊದಲು ಮಗುವಿನ ಪಾಲು ತೆಗೆದಿಡಿ. ಕಾಲು ಲೀಟರ್ ಕಡಿಮೆ ಹಾಕಿದ್ದಕ್ಕೆ ಒಕ್ಕೂಟ ಮುಳುಗುವುದಿಲ್ಲ.

ಕಿವಿಯ ಓಲೆ ಮತ್ತು ಶಾಲೆಯ ಕಾರ್ಡು

ನಿಮ್ಮ ಆಕಳ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆ. ಆ ನಂಬರು ಹಾಕಿದರೆ ಯಾವಾಗ ಲಸಿಕೆ ಆಯಿತು, ಯಾವಾಗ ಕೃತಕ ಗರ್ಭಧಾರಣೆ ಆಯಿತು ಎಲ್ಲ ಬರುತ್ತದೆ. ಮಗುವನ್ನು ವೈದ್ಯರು ಕೊನೆಯ ಸಲ ಪೂರ್ತಿಯಾಗಿ ಪರೀಕ್ಷೆ ಮಾಡಿದ್ದು ಯಾವಾಗ ಎಂದು ಕೇಳಿದರೆ ಗಂಡ ಹೆಂಡತಿಯ ಮುಖ ನೋಡುತ್ತಾನೆ.

ಶಾಲೆಗೆ ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ ತಂಡ ಬರುತ್ತದೆ, ಅಂಗನವಾಡಿಗೆ ಎರಡು ಸಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು ಅದರ ಪೂರ್ಣ ಹೆಸರು, 2013ರ ಫೆಬ್ರವರಿಯಲ್ಲಿ ಶುರುವಾದದ್ದು. ತಾಲೂಕಿನ ವಾಹನದಲ್ಲಿ ಇಬ್ಬರು ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರಬೇಕೆಂಬುದು ಅದರ ವ್ಯವಸ್ಥೆ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ಕುಂಠಿತ, ಈ ನಾಲ್ಕನ್ನೂ ನೋಡುತ್ತಾರೆ. ಕಣ್ಣು, ಕಿವಿ, ಹಲ್ಲು, ಚರ್ಮ, ಹೃದಯದ ಬಡಿತ. ಏನಾದರೂ ಕಂಡರೆ ತಾಲೂಕು ಆಸ್ಪತ್ರೆಗೆ, ಬೇಕಾದರೆ ಜಿಲ್ಲಾ ಮಟ್ಟಕ್ಕೆ ಚೀಟಿ ಬರೆಯುತ್ತಾರೆ. ಹೃದಯದ ರಂಧ್ರ, ಸೀಳುತುಟಿಯಂಥವಕ್ಕೆ ಶಸ್ತ್ರಚಿಕಿತ್ಸೆ ಬೇಕಾದರೂ ಉಚಿತ. 18 ವರ್ಷದವರೆಗೆ ಇದರ ಲಾಭವಿದೆ.

ತೊಂದರೆ ಇಲ್ಲಿದೆ. ತಂಡ ಬರುವ ದಿನ ನಿಮ್ಮ ಮಗು ಶಾಲೆಯಲ್ಲಿ ಇರಬೇಕು. ಬ್ಯಾಡಗಿ ಭಾಗದಲ್ಲಿ ಜನವರಿಯಿಂದ ಮೆಣಸಿನಕಾಯಿ ಸುಗ್ಗಿ. ತಾಯಿ ತೊಟ್ಟು ಬಿಡಿಸಲು ಹೋದರೆ ಚಿಕ್ಕ ಕೂಸು ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ರಾಣೇಬೆನ್ನೂರು ಕಡೆ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಶುರುವಾದರೆ ಸಣ್ಣ ಬೆರಳಿನ ಕೈಗಳು ಬೇಕು. ಅಂಥ ದಿನವೇ ತಂಡ ಬಂದು ಹೋಗಿರುತ್ತದೆ. ಇನ್ನು ಒಂದು ವರ್ಷ. ಬೋರ್ಡಿನ ಅಕ್ಷರ ಕಾಣದ ಮಗು ಆ ಒಂದು ವರ್ಷ "ಓದಿನಾಗ ಚುರುಕಿಲ್ಲ" ಎನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುತ್ತದೆ. ಬೇಕಿದ್ದದ್ದು ಒಂದು ಕನ್ನಡಕ. ಮುಖ್ಯ ಶಿಕ್ಷಕರನ್ನು ಕೇಳಿ ತಂಡ ಬರುವ ದಿನಾಂಕ ಬರೆದುಕೊಳ್ಳಿ. ಕಾರ್ಯದರ್ಶಿಗಳು ಅದನ್ನು ಸಂಘದ ಬೋರ್ಡಿನ ಮೇಲೆ ಬರೆದರೆ ಇನ್ನೂ ಒಳ್ಳೆಯದು, ಲಸಿಕೆಯ ದಿನಾಂಕ ಬರೆಯುವುದಿಲ್ಲವೇ. ಚೀಟಿ ಕೊಟ್ಟರೆ ಅದನ್ನು ಮಾಡಿನ ಸಂದಿಗೆ ಸಿಕ್ಕಿಸಿ ಮರೆಯಬೇಡಿ. ಚರ್ಮದ ಮೇಲೆ ದುಂಡಗೆ ತುರಿಸುವ ಕಲೆ ಇದ್ದರೆ ನಿಮ್ಮ ಕರುವಿನ ಕಣ್ಣಿನ ಸುತ್ತ ಬೂದಿ ಬಣ್ಣದ ಹೊಪ್ಪಳೆ ಇದೆಯೇ ನೋಡಿ ವೈದ್ಯರಿಗೆ ತಿಳಿಸಿ. ಅದು ಕರುವನ್ನು ಅಪ್ಪಿಕೊಳ್ಳುವ ಮಕ್ಕಳಿಗೆ ಹತ್ತುವ ಹುಳುಕಡ್ಡಿ. ಅಂಗಡಿಯ ಮುಲಾಮಿನಿಂದ ಹಬ್ಬುತ್ತದೆ.

ಬಾಯಿಗೆ ಕೈ ಹಾಕಿದ ಹುಡುಗ

ಈ ಘಟನೆ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ, ಯಾಕೆಂದರೆ ತಪ್ಪಿನ ಮೊದಲ ಪಾಲು ನನ್ನದು. ಊರು, ಹೆಸರು ಬೇಡ. ಒಬ್ಬ ರೈತ ಸಂಜೆ ಫೋನು ಮಾಡಿ, ಆಕಳು ಮೇವು ಬಿಟ್ಟಿದೆ, ಜೊಲ್ಲು ಸುರಿಸುತ್ತಿದೆ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದ. ಗೋವಿನಜೋಳದ ದಿಂಡು ಸಿಕ್ಕಿರಬಹುದು, ಬೆಳಿಗ್ಗೆ ಬಂದು ನೋಡುತ್ತೇನೆ ಎಂದೆ. ಬಾಯಿಗೆ ಯಾರೂ ಕೈ ಹಾಕಬೇಡಿ ಎಂಬ ಒಂದು ಮಾತು ಹೇಳಲು ಮರೆತೆ. ಬೆಳಿಗ್ಗೆ ಹೋಗಿ ನೋಡಿದರೆ ಆಕಳು ಒರಲುತ್ತಿತ್ತು, ಕೂಗು ಒಡೆದಿತ್ತು, ಹಗ್ಗ ಕಚ್ಚುತ್ತಿತ್ತು. ಹುಚ್ಚುನಾಯಿ ರೋಗ. ತಿಂಗಳ ಹಿಂದೆ ಬೀದಿನಾಯಿ ಮೂತಿಗೆ ಕಚ್ಚಿದ್ದು ಆಗ ನೆನಪಾಯಿತು. ಮನೆಯ ದೊಡ್ಡವರೆಲ್ಲ ಲಸಿಕೆಗೆ ಹೊರಟರು. ಯಾರ್ಯಾರು ಮುಟ್ಟಿದ್ದೀರಿ ಎಂದು ಪಟ್ಟಿ ಮಾಡಿದೆ. ಆರನೇ ಇಯತ್ತೆಯ ಹುಡುಗ ಶಾಲೆಗೆ ಹೋಗಿದ್ದ, ಅವನ ಹೆಸರು ಪಟ್ಟಿಯಲ್ಲಿ ಬರಲೇ ಇಲ್ಲ.

ಮೂರನೇ ದಿನ ಅವನ ಶಿಕ್ಷಕಿಯಿಂದ ಫೋನು ಬಂತು. ತರಗತಿಯಲ್ಲಿ ಸಾಕುಪ್ರಾಣಿಗಳ ಪಾಠ ನಡೆದಿತ್ತಂತೆ. ಹುಡುಗ ಎದ್ದು ನಿಂತು, ನಮ್ಮ ಆಕಳು ಸತ್ತಿತು, ದಿಂಡು ತೆಗೆಯಲು ನಾನೂ ಅದರ ಬಾಯಿಯಲ್ಲಿ ಮೊಣಕೈತನಕ ಕೈ ಹಾಕಿದ್ದೆ ಎಂದು ಹೇಳಿದ್ದ. ಅವನ ಬೆರಳಿಗೆ ಗರಗಸದ ಗಾಯವಿತ್ತು. ಆ ತಾಯಿ ಪಾಠ ನಿಲ್ಲಿಸಿ, ಕೈ ತೊಳೆಸಿ, ನನ್ನ ನಂಬರು ಹುಡುಕಿ ಫೋನು ಮಾಡಿದ್ದರು. ಅಂದೇ ಸರಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಗಾಯಕ್ಕೆ ಜೊಲ್ಲು ತಾಗಿದ್ದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಕೊಟ್ಟರು. ಉಳಿದ ಸೂಜಿಗಳ ದಿನಗಳನ್ನು ಶಿಕ್ಷಕಿ ಹಾಜರಿ ಪುಸ್ತಕದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. ಈಗ ಅವನು ಒಂಬತ್ತನೇ ಇಯತ್ತೆಯಲ್ಲಿದ್ದಾನೆ. ಈ ರೋಗದ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಜಗತ್ತಿನ ಯಾವ ಆಸ್ಪತ್ರೆಯೂ ಉಳಿಸಿಕೊಡುವ ಭರವಸೆ ಕೊಡುವುದಿಲ್ಲ ಎಂಬುದು ನೆನಪಾದಾಗಲೆಲ್ಲ ಆ ಫೋನು ಬಂದ ಹೊತ್ತನ್ನು ಯೋಚಿಸುತ್ತೇನೆ.

ಹೀಗಾಗಿ ಜೊಲ್ಲು ಸುರಿಸುವ, ಸುಮ್ಮನೆ ಒರಲುವ, ಮೇವು ನೀರು ಬಿಟ್ಟ ದನದ ಬಾಯಿಗೆ ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಅದರ ಹಾಲನ್ನು ಮನೆಗೂ ಡೇರಿಗೂ ಬಳಸಬೇಡಿ. ಹಸಿ ಹಾಲು ಕುಡಿದಿದ್ದರೆ ವೈದ್ಯರಿಗೆ ಹೇಳಿ. ನಾಯಿ ಕಚ್ಚಿದ ಮಗುವಿನ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಗಡಿಯಾರ ನೋಡಿಯೇ ತೊಳೆಯಿರಿ. ಬ್ಯಾಡಗಿ ಮೆಣಸಿನಕಾಯಿಗೆ ಜಗತ್ತಿನಲ್ಲೆಲ್ಲ ಹೆಸರಿದೆ, ಆದರೆ ಅದರ ಪುಡಿ ಗಾಯಕ್ಕೆ ತುಂಬುವುದಕ್ಕಲ್ಲ. ಸುಣ್ಣ, ಕಾಫಿಪುಡಿ, ಎಣ್ಣೆಯೂ ಬೇಡ. ಹೊಲಿಗೆಗೆ ಅವಸರ ಮಾಡಬೇಡಿ. ಲಸಿಕೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ, ನಾಲ್ಕು ಸಲ ಹೋಗಬೇಕು. ನಾಲ್ಕನೆಯದು ತಪ್ಪುವುದೇ ಹೆಚ್ಚು, ಅಷ್ಟರಲ್ಲಿ ಗಾಯ ಮಾಯ್ದು ಎಲ್ಲರೂ ಮರೆತಿರುತ್ತಾರೆ. ಆ ದಿನಾಂಕವನ್ನು ಮಗುವಿನ ಶಿಕ್ಷಕರಿಗೂ ಕೊಡಿ. ನಾಯಿ ಕಚ್ಚಿದ್ದು ದನಕ್ಕಾದರೆ ಅದಕ್ಕೂ ಸೂಜಿಗಳ ಸರಣಿ ಇದೆ, ಅದೇ ದಿನ ನನಗೋ ಹತ್ತಿರದ ಪಶು ಆಸ್ಪತ್ರೆಗೋ ತಿಳಿಸಿ. ಬೈದಾರೆಂದು ಮಕ್ಕಳು ಕಚ್ಚಿದ್ದನ್ನು, ಪರಚಿದ್ದನ್ನು ಮುಚ್ಚಿಡುತ್ತಾರೆ. ಹೇಳಿದ ಮಗುವಿಗೆ ಬೈಯಬೇಡಿ.

ಮೋಟೆಬೆನ್ನೂರಿನ ಕಡೆಗೆ ಮೊನ್ನೆ ಮತ್ತೆ ಹೋಗಿದ್ದೆ. ಹುಡುಗಿ ಸಾಲಿನಲ್ಲಿ ಇರಲಿಲ್ಲ, ಅವಳ ಅಪ್ಪನೇ ಕ್ಯಾನು ತಂದಿದ್ದ. ಜಂತುಹುಳುವಿನ ಗುಳಿಗೆಯ ದಿನವಂತೆ, ಬೇಗ ಉಂಡು ಶಾಲೆಗೆ ಹೋಗಿದ್ದಾಳೆ ಎಂದ. ಮಾದರಿ ಪರೀಕ್ಷೆಯಲ್ಲಿ ಅವನ ಎಮ್ಮೆಗೆ ಎಡಹಿಂದಿನ ಮೊಲೆಗೆ ಬಾವು ಇರುವುದು ಗೊತ್ತಾಗಿತ್ತು, ಟ್ಯೂಬ್ ಶುರು ಮಾಡಿದೆ. ಎಷ್ಟು ದಿನ ಹಾಲು ಹಾಕಬಾರದೆಂದು ಅವನೇ ಕೇಳಿದ.